ಸ್ಪಷ್ಟನೆ: ‘ದಿ ವೇವ್’ ಬಂಡೆಗೆ ಗೇಟಿನಲ್ಲಿ ಟಿಕೆಟ್ ಸಿಗುವುದಿಲ್ಲ

ಅಮೆರಿಕದ ಅರಿಜೋನಾದಲ್ಲಿರುವ ‘ದಿ ವೇವ್’ ಬಂಡೆಯ ಫೋಟೊ ಜೊತೆ ಒಂದು ಸಂದೇಶ ಹರಿದಾಡುತ್ತಿದೆ: ಸಮುದ್ರದ ಅಲೆ ಕೊರೆದ ಕಲ್ಲು ಇದು, ದಿನಕ್ಕೆ 64 ಟಿಕೆಟ್, ಬೆಳಿಗ್ಗೆ ಬೇಗ ಹೋದರೆ ಗೇಟಿನಲ್ಲೇ ಸಿಗುತ್ತದೆ. ಇದರಲ್ಲಿ 64 ಎಂಬ ಸಂಖ್ಯೆಯಷ್ಟೇ ಸರಿ, ಅದೂ ಅರ್ಧ ಸತ್ಯ. 64 ಜನ ಅಥವಾ 16 ಗುಂಪು, ಯಾವುದು ಮೊದಲು ತುಂಬುತ್ತದೋ ಅಲ್ಲಿಗೆ ಮುಗಿಯಿತು.

ಅಲ್ಲಿ ಗೇಟೂ ಇಲ್ಲ, ಕೌಂಟರೂ ಇಲ್ಲ. ಪರವಾನಗಿ ಲಾಟರಿಯಿಂದ ಮಾತ್ರ. 48 ಜನರ ಪಾಲು ನಾಲ್ಕು ತಿಂಗಳು ಮುಂಚಿನ ಆನ್‌ಲೈನ್ ಲಾಟರಿಗೆ. ಮೇ ತಿಂಗಳಿಗೆ ಜನವರಿಯಲ್ಲೇ ಅರ್ಜಿ ಹಾಕಬೇಕು. ಉಳಿದ 16 ಜನರದ್ದು ಎರಡು ದಿನ ಮುಂಚಿನ ಮೊಬೈಲ್ ಲಾಟರಿಗೆ. ಅರ್ಜಿ ಹಾಕುವಾಗ ಫೋನು ಕನಾಬ್, ಪೇಜ್ ಊರುಗಳ ಸುತ್ತಲಿನ ನಿಗದಿತ ವಲಯದೊಳಗೇ ಇರಬೇಕು. ಹೋಟೆಲ್ ಬುಕ್ ಮಾಡಿ ದೂರದೂರಿನಿಂದಲೇ ಅರ್ಜಿ ಒತ್ತುವವರು ಎಡವುವುದು ಇಲ್ಲೇ. ಗುಂಪಿನಲ್ಲಿ ಗರಿಷ್ಠ 6 ಜನ, ಕೈಗೂಸೂ ಲೆಕ್ಕಕ್ಕೆ ಬರುತ್ತದೆ. ಅರ್ಜಿ ಶುಲ್ಕ ವಾಪಸ್ ಬರುವುದಿಲ್ಲ.

ಇನ್ನು ಅಲೆಯ ಮಾತು. ಜುರಾಸಿಕ್ ಕಾಲದ ಮರುಭೂಮಿಯಲ್ಲಿ ಗಾಳಿ ಪೇರಿಸಿದ ಮರಳು ದಿಬ್ಬಗಳೇ ಗಟ್ಟಿಯಾಗಿ ನವಾಹೋ ಮರಳುಗಲ್ಲಾದವು. ಗೆರೆಗಳು ಆ ದಿಬ್ಬಗಳ ಪದರ. ಆಮೇಲೆ ಮಳೆನೀರು ತೋಡು ಕೊರೆಯಿತು, ಗಾಳಿ ನಯ ಮಾಡಿತು. ಪದರದ ಅಂಚುಗಳು ತೆಳು, ತುಳಿದರೆ ಮುರಿಯುತ್ತವೆ.

ಬಂಡೆಗೆ ನಡೆದು ಹೋಗಿಬರಲು ಸುಮಾರು 10 ಕಿ.ಮೀ., ಗುರುತು ಹಾಕಿದ ದಾರಿಯಿಲ್ಲ, ನೆರಳಿಲ್ಲ. ತಲೆಗೆ 4 ಲೀಟರ್ ನೀರು ಬೇಕು. ಮಳೆ ಬಂದರೆ, ನಡಿಗೆ ಶುರುವಾಗುವಲ್ಲಿಗೆ ಒಯ್ಯುವ ಹೌಸ್ ರಾಕ್ ವ್ಯಾಲಿಯ ಮಣ್ಣುರಸ್ತೆಯಲ್ಲಿ ಜೀಪೂ ಹೂತುಕೊಳ್ಳುತ್ತದೆ.