ಫಿಲ್ಟರ್ ಲೆಕ್ಕ: ಡಲ್ಲಾಸ್‌ನಲ್ಲಿ ಒಂದು, ತಿಕೋಟಾದಲ್ಲಿ ಒಂದು

"ಅಲ್ಲೋ, ನಿನ್ ಗಾಡಿ ಫಿಲ್ಟರ್ ನನ್ ಗಾಡಿಗೆ ಹೆಂಗ ಕೂಡ್ತೈತಿ?"

ಊರಿಗೆ ಹೊರಡುವ ಖುಷಿಯಲ್ಲಿ ಅಣ್ಣನಿಗೆ ಫೋನ್ ಮಾಡಿ, ಇಲ್ಲಿಂದ ಒಂದೆರಡು ಒಳ್ಳೆ ಆಯಿಲ್ ಫಿಲ್ಟರ್ ತರಲಾ ಅಂತ ಕೇಳಿದ್ದೆ. ಅದಕ್ಕೆ ಅವನ ಉತ್ತರ ಇದು. ಕೂಡುವುದಿಲ್ಲ, ನಿಜ. ಥ್ರೆಡ್ ಬೇರೆ, ಗ್ಯಾಸ್ಕೆಟ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಅಗಲ ಬೇರೆ, ಒಳಗಿನ ವಾಲ್ವ್ ತೆರೆಯುವ ಒತ್ತಡವೂ ಬೇರೆ. ಅಮೆರಿಕದಲ್ಲಿ ಹನ್ನೊಂದು ವರ್ಷದಿಂದ ನನ್ನ ಗಾಡಿ ಆಯಿಲ್ ನಾನೇ ಬದಲಿಸುವವನು ಕೇಳುವ ಮಾತಲ್ಲ. ಅಣ್ಣ ನಕ್ಕು ಬಿಟ್ಟ. ಆಮೇಲೆ ವಿಷಯ ನನ್ನ ತಲೆಯಲ್ಲಿ ಕೂತು ಬಿಟ್ಟಿತು.

ನನ್ನದು 2015ರ ಮಾಡೆಲ್ ಫೋರ್ಡ್ ಎಫ್-150. 5 ಲೀಟರಿನ ವಿ8 ಪೆಟ್ರೋಲ್ ಇಂಜಿನ್, ಒಂದು ಸಲಕ್ಕೆ 7 ಲೀಟರಿಗಿಂತ ಜಾಸ್ತಿ ಆಯಿಲ್ ಕುಡಿಯುತ್ತದೆ. ಅಣ್ಣನದು ಮಹೀಂದ್ರಾ ಬೊಲೆರೊ ಪಿಕಪ್, 2523 ಸಿಸಿ, ನಾಲ್ಕು ಸಿಲಿಂಡರಿನ ಡೀಸೆಲ್. ನನ್ನ ಗಾಡಿಯ ಅರ್ಧ ಇಂಜಿನ್, ಹತ್ತು ಪಟ್ಟು ಕೆಲಸ. ಸೀಸನ್ನಿನಲ್ಲಿ ವಿಜಯಪುರದ ಹತ್ತಿರದ ನಮ್ಮ ತಿಕೋಟಾದಿಂದ ದ್ರಾಕ್ಷಿ ಕ್ರೇಟು, ಆಮೇಲೆ ತಾಸಗಾಂವ್ ಮಾರ್ಕೆಟ್ಟಿಗೆ ಒಣದ್ರಾಕ್ಷಿ ಬಾಕ್ಸು, ಅದು ಮುಗಿದರೆ ಸೊಲ್ಲಾಪುರಕ್ಕೆ ಉಳ್ಳಾಗಡ್ಡಿ. ನನ್ನ ಗಾಡಿ ಹೊರುವುದು ವಾರಕ್ಕೊಮ್ಮೆ ಸಂತೆ ಸಾಮಾನು, ವರ್ಷಕ್ಕೊಮ್ಮೆ ನರ್ಸರಿಯಿಂದ ನಾಲ್ಕು ಗಿಡ. ಟೆಕ್ಸಾಸ್‌ನಲ್ಲಿ ಪಿಕಪ್ ಇಟ್ಟುಕೊಳ್ಳೋದು ಅಂದರೆ ನಮ್ಮ ಕಡೆ ಹೊಲ ಇಲ್ಲದವನು ಜೋಡೆತ್ತು ಕಟ್ಟಿದ ಹಾಗೆ.

ಇಲ್ಲಿ ಫಿಲ್ಟರ್ ಕೊಳ್ಳುವ ರೀತಿ ಹೀಗಿದೆ. ವಾಲ್‌ಮಾರ್ಟಿನ ಗೋಡೆ ತುಂಬ ಡಬ್ಬಿಗಳು. ಅವರದೇ ಸೂಪರ್‌ಟೆಕ್ ಸುಮಾರು 5 ಡಾಲರಿಗೆ ಸಿಗುತ್ತದೆ. ಫೋರ್ಡ್‌ನ ಸ್ವಂತ ಬ್ರಾಂಡ್ ಮೋಟಾರ್‌ಕ್ರಾಫ್ಟ್, ನನ್ನ ಇಂಜಿನ್ನಿಗೆ ಎಫ್ಎಲ್-500ಎಸ್, ಸ್ವಲ್ಪ ಮೇಲೆ. ಇನ್ನೂ ಮೇಲೆ ಹೋದರೆ 15 ಡಾಲರ್ ದಾಟುವ 'ಸಿಂಥೆಟಿಕ್ ಮೀಡಿಯಾ', ಅಂದರೆ ಕೃತಕ ನಾರಿನಿಂದ ಸೋಸುವ, ಡಬ್ಬಿಗಳು. ಮೊದಲ ಎರಡು ವರ್ಷ ನಾನು ಜಾಸ್ತಿ ರೊಕ್ಕ ಕೊಟ್ಟಷ್ಟೂ ಇಂಜಿನ್ ಜಾಸ್ತಿ ಬಾಳುತ್ತದೆ ಅಂತ ನಂಬಿದ್ದೆ. ಹೊಸದಾಗಿ ಬಂದವರೆಲ್ಲ ಹಾಗೇ ನಂಬುತ್ತಾರೆ.

ಡಬ್ಬಿ ಮೇಲೆ ದೊಡ್ಡ ಅಕ್ಷರದಲ್ಲಿ 99 ಪರ್ಸೆಂಟ್ ಅಂತ ಇರುತ್ತದೆ. ಯಾವುದರ 99? ಅದನ್ನು ಸಣ್ಣ ಅಕ್ಷರದಲ್ಲಿ ಹುಡುಕಬೇಕು. 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಕಣದಲ್ಲಿ 99 ಅಂದರೆ ಒಂದು ಮಾತು, 40 ಮೈಕ್ರಾನ್‌ನಲ್ಲಿ 99 ಅಂದರೆ ಬೇರೆಯೇ ಮಾತು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂತ ಇಟ್ಟುಕೊಳ್ಳಿ. ಇಂಜಿನ್ ಬೇರಿಂಗಿಗೆ ತೊಂದರೆ ಕೊಡುವ ಕಣಗಳು ಅದಕ್ಕಿಂತ ತುಂಬಾ ಸಣ್ಣವು. ಈ ಅಳತೆಗೆ ಐಎಸ್ಒ 4548-12 ಅನ್ನುವ ಪರೀಕ್ಷೆ ಇದೆ. ಧೂಳು ಬೆರೆಸಿದ ಆಯಿಲನ್ನು ಫಿಲ್ಟರಿನಲ್ಲಿ ಮತ್ತೆ ಮತ್ತೆ ಸುತ್ತಿಸಿ ಎಷ್ಟು ಹಿಡಿಯಿತು ಅಂತ ಎಣಿಸುತ್ತಾರೆ. ಮೈಕ್ರಾನ್ ಮತ್ತು ಪರೀಕ್ಷೆಯ ಹೆಸರು ಎರಡೂ ಇಲ್ಲದ ಪರ್ಸೆಂಟನ್ನು ನಾನು ಈಗ ಓದುವುದೇ ಇಲ್ಲ.

ನಾನು ನಿಜವಾಗಿ ನೋಡುವುದು ಎರಡು ರಬ್ಬರು, ಒಂದು ಸ್ಪ್ರಿಂಗು. ಹೊರಗಿನ ಗ್ಯಾಸ್ಕೆಟ್ ಒಂದು ರಬ್ಬರು. ಒಳಗೆ ತೂತುಗಳ ಹಿಂದೆ ಇನ್ನೊಂದು, ಗಾಡಿ ನಿಂತಾಗ ಆಯಿಲ್ ವಾಪಸ್ ಇಳಿದು ಹೋಗದ ಹಾಗೆ ತಡೆಯುವ ವಾಲ್ವು. ಇದು ಸಿಲಿಕೋನ್ ಆದರೆ ಬಿಸಿಗೆ ಮೆತ್ತಗೇ ಉಳಿಯುತ್ತದೆ. ಅಗ್ಗದ ನೈಟ್ರೈಲ್ ಆದರೆ ದಿನ ಕಳೆದಂತೆ ಬಿರುಸಾಗುತ್ತದೆ. ಫಿಲ್ಟರ್ ಅಡ್ಡ ಅಥವಾ ತಲೆಕೆಳಗಾಗಿ ಕೂತಿರುವ ಇಂಜಿನ್ನುಗಳಲ್ಲಿ ಇದು ಕೆಟ್ಟರೆ ಮುಂಜಾನೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಸೆಕೆಂಡ್ ಕಟಕಟ ಸದ್ದು ಬರುತ್ತದೆ. ಮೇಲಿನ ಭಾಗಕ್ಕೆ ಆಯಿಲ್ ಇನ್ನೂ ತಲುಪಿಲ್ಲ ಅಂತ ಅರ್ಥ. ಸ್ಪ್ರಿಂಗು ಅಂದದ್ದು ಬೈಪಾಸ್ ವಾಲ್ವಿಗೆ. ಫಿಲ್ಟರ್ ಕಟ್ಟಿಕೊಂಡರೆ, ಇಲ್ಲ ಚಳಿಗೆ ಆಯಿಲ್ ಗಟ್ಟಿಯಾದರೆ, ಅದು ತೆರೆದು ಸೋಸದ ಆಯಿಲನ್ನೇ ಇಂಜಿನ್ನಿಗೆ ಬಿಡುತ್ತದೆ. ಹೊಲಸು ಆಯಿಲ್ ಕುಡಿದರೂ ಬದುಕಬಹುದು, ಒಣಗಿದರೆ ಇಂಜಿನ್ ಸೀಜ್. ನೋಡಿದರೆ ಆ 5 ಡಾಲರಿನ ಡಬ್ಬಿಯಲ್ಲೂ ಇವೆಲ್ಲ ಸರಿಯಾಗೇ ಇದ್ದವು. ನಾನು 15 ಡಾಲರಿನ ಡಬ್ಬಿ ಕೊಳ್ಳೋದು ಬಿಟ್ಟೆ.

ಅಗ್ಗದ್ದು ಹಾಕಿದರೆ ವಾರಂಟಿ ಹೋಗುತ್ತೆ ಅಂತ ಇಲ್ಲಿನ ಗೆಳೆಯರೂ ಹೆದರಿಸುತ್ತಾರೆ. ಆ ಹೆದರಿಕೆಗೆ ಅಮೆರಿಕದಲ್ಲಿ 1975ರಿಂದಲೇ ಮ್ಯಾಗ್ನುಸನ್-ಮಾಸ್ ಕಾಯ್ದೆ ಇದೆ. ಬೇರೆ ಕಂಪನಿಯ ಫಿಲ್ಟರ್ ಹಾಕಿದ್ದೀರಿ ಅನ್ನೋದೊಂದೇ ಕಾರಣಕ್ಕೆ ವಾರಂಟಿ ಕೊಡಲ್ಲ ಅನ್ನುವ ಹಾಗಿಲ್ಲ. ನಮ್ಮ ದೇಶದಲ್ಲೂ 2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಬಿಡಿಭಾಗಗಳ ವಿಷಯಕ್ಕೇ ದಂಡ ಹಾಕಿತ್ತು, 2500 ಕೋಟಿ ರೂಪಾಯಿಗಿಂತ ಜಾಸ್ತಿ. ಸುದ್ದಿ ವಿಜಯಪುರದ ಗಾಂಧಿ ಚೌಕದ ತನಕ ಬಂದ ಹಾಗೆ ಕಾಣಲಿಲ್ಲ.

ವಿಜಯಪುರಕ್ಕೆ ಬಂದ ಮೂರನೇ ದಿನ ಅಣ್ಣನ ಜೊತೆ ಪೇಟೆಗೆ ಹೋದೆ. ಅಂಗಡಿಯಲ್ಲಿ ಗೋಡೆಯೂ ಇಲ್ಲ, ಆರಿಸುವುದೂ ಇಲ್ಲ. ಅಣ್ಣ "ಬೊಲೆರೊ ಪಿಕಪ್ ಆಯಿಲ್ ಫಿಲ್ಟರ್" ಅಂದ. ಹುಡುಗ "ವರಿಜಿನಲ್ಲೋ, ಲೋಕಲ್ಲೋ?" ಅಂದ. ಅಲ್ಲಿಗೆ ಮಾತು ಮುಗಿಯಿತು. ನಾನು ಮಧ್ಯೆ ಬಾಯಿ ಹಾಕಿ, ಬಾಷ್ ಇದೆಯಾ, ಪುರೋಲೇಟರ್ ಇದೆಯಾ, ಎಲೋಫಿಕ್ ಇದೆಯಾ ಅಂತ ಕೇಳಿದೆ. ಎಲ್ಲ ಇದ್ದವು! ಕೇಳುವವರು ಇರಲಿಲ್ಲ ಅಷ್ಟೇ. ಈ ಪುರೋಲೇಟರ್ ಹೆಸರಿನದು ಒಂದು ಚಂದದ ಕತೆ. ಕಾರಿಗೆ ಆಯಿಲ್ ಫಿಲ್ಟರ್ ಅನ್ನೋದನ್ನ 1923ರಲ್ಲಿ ಅಮೆರಿಕದ ಇಬ್ಬರು, ಸ್ವೀಟ್‌ಲ್ಯಾಂಡ್ ಮತ್ತು ಗ್ರೀನ್‌ಹಾಲ್ಗ್, ಪೇಟೆಂಟ್ ಮಾಡಿಸಿದರು. 'ಪ್ಯೂರ್ ಆಯಿಲ್ ಲೇಟರ್' ಅನ್ನೋ ಮೂರು ಪದ ಕೂಡಿಸಿ ಹೆಸರಿಟ್ಟರು. ನೂರು ವರ್ಷ ಆದ ಮೇಲೆ ಆ ಹೆಸರು ಗೋಳಗುಮ್ಮಟದ ನೆರಳಿನಲ್ಲಿ ಧೂಳು ಹಿಡಿದು ಕೂತಿತ್ತು.

ನಾನು ಹೆಸರಿರುವ ಒಂದು ಬ್ರಾಂಡ್ ಕೊಂಡೆ. ಗಾಡಿ ಕಂಪನಿಯ ಡಬ್ಬಿಗಿಂತ ಅಗ್ಗ, 'ಲೋಕಲ್'ಗಿಂತ ತುಟ್ಟಿ. ಸುಮಾರು 250 ರೂಪಾಯಿ. ಗಾಡಿ ಕಂಪನಿಯವರು ಫಿಲ್ಟರನ್ನು ತಾವೇ ಮಾಡೋದು ಕಡಿಮೆ, ಫಿಲ್ಟರ್ ಕಂಪನಿಗಳಿಂದ ಮಾಡಿಸಿಕೊಂಡು ತಮ್ಮ ಡಬ್ಬಿಗೆ ಹಾಕುತ್ತಾರೆ. ಹೀಗಾಗಿ ನನ್ನ ಲೆಕ್ಕ ಸರಿ ಅಂತ ಅನಿಸಿತ್ತು. ಅಣ್ಣನ ಗಾಡಿ ರಿಪೇರಿ ಮಾಡುವ ಮಿಸ್ತ್ರಿ ಕೈಗೆ ಕೊಟ್ಟೆ. ಅವರು ಡಬ್ಬಿ ಬಿಚ್ಚಿ ಫಿಲ್ಟರನ್ನು ಅಂಗೈ ಮೇಲೆ ಇಟ್ಟು ತೂಗಿದರು. ಗ್ಯಾಸ್ಕೆಟ್ ಉಗುರಿನಿಂದ ಒತ್ತಿದರು. ಥ್ರೆಡ್ಡಿನ ಒಳಗೆ ಬೆರಳು ಆಡಿಸಿದರು. ಆಮೇಲೆ, "ಬಿಲ್ ಐತೇನ್ರೀ?" ಅಂದರು.

ಬಿಲ್ ಯಾಕೆ ಅಂದೆ. ಅವರು ಮಾತಾಡದೆ ಮೂಲೆಯ ಡಬ್ಬದಿಂದ ಹ್ಯಾಕ್ಸಾದಲ್ಲಿ ಅರ್ಧ ಕೊಯ್ದ ಎರಡು ಹಳೇ ಫಿಲ್ಟರ್ ತಂದಿಟ್ಟರು. ಎರಡರ ಮೇಲೂ ಒಂದೇ ಹೆಸರು, ಒಂದೇ ಬಣ್ಣ. ಒಂದರೊಳಗೆ ಕಾಗದದ ಮಡಿಕೆ ಹತ್ತಿರ ಹತ್ತಿರ, ಸೀರೆ ನೆರಿಗೆ ಹಿಡಿದ ಹಾಗೆ. ಇನ್ನೊಂದರಲ್ಲಿ ಮಡಿಕೆ ಅರ್ಧಕ್ಕರ್ಧ ಕಡಿಮೆ, ಅಂಟು ಒಂದು ಕಡೆ ಬಿಟ್ಟಿತ್ತು, ಆಯಿಲ್ ಸೋಸದೆ ಪಕ್ಕದಿಂದಲೇ ನುಗ್ಗಿದ ಗುರುತು ಕರ್ರಗೆ ಇತ್ತು. ವಾಪಸ್ ತಡೆಯುವ ರಬ್ಬರ್ ಮಡಚಿದರೆ ಸೀಳುತ್ತಿತ್ತು. ಅದು ಡುಪ್ಲಿಕೇಟ್. ಡಬ್ಬಿ ಮಾತ್ರ ಅಸಲಿ, ಯಾರೋ ಬಿಸಾಕಿದ್ದನ್ನು ಆರಿಸಿ ತುಂಬಿದ್ದು. ಆ ಶೆಡ್ಡಿನಲ್ಲಿ ಹೊಸ ಫಿಲ್ಟರ್ ಬಿಚ್ಚಿದ ಕೂಡಲೇ ಡಬ್ಬಿಯನ್ನು ನಾಲ್ಕು ತುಂಡು ಹರಿಯುತ್ತಾರೆ. ಮೊದಲು ನೋಡಿದಾಗ ಸಿಟ್ಟಿಗೆ ಹರಿದರೇನೋ ಅಂದುಕೊಂಡಿದ್ದೆ.

ಅಲ್ಲಿ ನನ್ನ ಅಮೆರಿಕದ ಬುದ್ಧಿ ಕುಸಿಯಿತು. ಮೈಕ್ರಾನ್, ಪರ್ಸೆಂಟ್, ಸಿಲಿಕೋನ್ ಎಲ್ಲವೂ ಡಬ್ಬಿಯೊಳಗೆ ಡಬ್ಬಿ ಮೇಲೆ ಬರೆದದ್ದೇ ಇದೆ ಅನ್ನೋ ನಂಬಿಕೆ ಮೇಲೆ ನಿಂತ ಮಾತು. ಡಲ್ಲಾಸ್‌ನಲ್ಲಿ ಅಗ್ಗದ ಫಿಲ್ಟರ್ ಆರಿಸೋದು ಓದು ಬಂದವನ ಕೆಲಸ. ವಿಜಯಪುರದಲ್ಲಿ ಅದು ಅಂಗಡಿ ಆರಿಸುವ ಕೆಲಸ. ಬಿಲ್ ಕೊಡುವ, ನಾಳೆ ಕೇಳಿದರೆ "ಹೌದ್ರೀ, ನಾನೇ ಕೊಟ್ಟೀನಿ" ಅನ್ನುವ ಅಂಗಡಿ ಸಿಕ್ಕರೆ ಅಲ್ಲಿ 250 ರೂಪಾಯಿಯದು ಸಾಕು. ಅದು ಸಿಗದಿದ್ದರೆ 500 ಕೊಟ್ಟರೂ ಅಷ್ಟೇ. 'ಲೋಕಲ್' ಅಂತ ಹೇಳಿ ಕೊಡುವವನು ಕನಿಷ್ಠ ಸುಳ್ಳು ಹೇಳಲಿಲ್ಲ ಅಲ್ವಾ?

ಹಾಗಂತ ಮಿಸ್ತ್ರಿ ಹೇಳಿದ್ದೆಲ್ಲ ನಾನು ಒಪ್ಪಲಿಲ್ಲ. ಊರಲ್ಲಿ ಒಂದು ಚಾಳಿ ಇದೆ: "ಈ ಸಲ ಬರೇ ಆಯಿಲ್ ಹಾಕ್ರಿ, ಫಿಲ್ಟರ್ ಮುಂದಿನ ಸಲ ನೋಡೂಣು." ಎರಡು ಸಾವಿರ ರೂಪಾಯಿಗೂ ಮೇಲಿನ ಹೊಸ ಆಯಿಲ್ ಸುರಿದು, ಹೊಲಸು ತುಂಬಿದ ಹಳೇ ಫಿಲ್ಟರಿನಲ್ಲೇ ಅದನ್ನು ಸುತ್ತಿಸೋದು. ಸ್ನಾನ ಮಾಡಿ ಹಳೇ ಬನಿಯನ್ ಹಾಕಿಕೊಂಡ ಹಾಗೆ. ಅಣ್ಣ 8000 ಕಿಲೋಮೀಟರಿಗೆ ಆಯಿಲ್ ಬದಲಿಸುತ್ತಾನೆ. 250 ರೂಪಾಯಿ ಭಾಗಿಸಿದರೆ ಕಿಲೋಮೀಟರಿಗೆ 3 ಪೈಸೆ. ದಾರಿಯಲ್ಲಿ ಅವನು ತಿನ್ನುವ ಗುಟ್ಕಾ ಅದಕ್ಕಿಂತ ತುಟ್ಟಿ. ಇದನ್ನು ಅತ್ತಿಗೆ ಮುಂದೆ ಹೇಳಿದ್ದು ನನ್ನ ತಪ್ಪು.

ಇನ್ನೊಂದು, "ಆಯಿಲ್ ಎರಡ ದಿನಕ್ಕ ಕರ್ರಗಾತು, ಫಿಲ್ಟರ್ ಸುಳ್ಳ" ಅನ್ನೋ ಮಾತು. ಡೀಸೆಲ್ ಇಂಜಿನ್ನಿನಲ್ಲಿ ಆಯಿಲ್ ಕರ್ರಗಾಗುವುದು ಮಸಿಯಿಂದ. ಆ ಮಸಿ ಕಣ ಒಂದೊಂದೂ ಬಹುಪಾಲು ಒಂದು ಮೈಕ್ರಾನಿಗಿಂತ ಸಣ್ಣದು, ಗಾಡಿಯ ಮಾಮೂಲಿ ಕಾಗದದ ಫಿಲ್ಟರಿಗೆ ಸಿಗುವುದಿಲ್ಲ. ಅದನ್ನು ತೇಲಿಸಿ ಇಟ್ಟುಕೊಳ್ಳೋದು ಆಯಿಲಿನ ಕೆಲಸ. ಕರ್ರಗಾಗಿದೆ ಅಂದರೆ ಆಯಿಲ್ ದುಡಿಯುತ್ತಿದೆ ಅಂತ.

ಆದರೆ ಧೂಳಿನ ವಿಷಯದಲ್ಲಿ ಮಿಸ್ತ್ರಿಯೇ ಗೆದ್ದರು. ಡಲ್ಲಾಸ್‌ನಲ್ಲೂ ಬೇಸಿಗೆ ಅಂದರೆ 40 ಡಿಗ್ರಿ, ವಿಜಯಪುರದಲ್ಲೂ 40 ದಾಟುತ್ತದೆ. ಬಿಸಿಲು ಒಂದೇ ಅಂತ ನಾನು ವಾದ ಮಾಡಿದೆ. "ಬಿಸಲ ಬಿಡ್ರಿ, ನಿಮ್ಮಲ್ಲಿ ಧೂಳ ಎಲ್ಲಿ ಐತಿ?" ಅಂದರು. ಇಂಜಿನ್ನಿಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದರು. ಎರಿ ಹೊಲದ ದಾರಿಯ ಧೂಳು ಒಂದು ಹಿಡಿ ಬಿತ್ತು. ಈ ಧೂಳು ಏರ್ ಫಿಲ್ಟರ್ ದಾಟಿದರೆ ಸೀದಾ ಸಿಲಿಂಡರ್ ಗೋಡೆ ಉಜ್ಜುತ್ತದೆ, ಅಲ್ಲಿಂದ ಆಯಿಲಿಗೆ ಇಳಿಯುತ್ತದೆ. ಆಯಿಲ್ ಫಿಲ್ಟರ್ ಹಿಡಿಯುವ ಹೊತ್ತಿಗೆ ಆಗುವ ಹಾನಿ ಆಗಿರುತ್ತದೆ. ಆಯಿಲ್ ಫಿಲ್ಟರಿನಲ್ಲಿ 100 ರೂಪಾಯಿ ಉಳಿಸಿ, ಅದನ್ನು ಏರ್ ಫಿಲ್ಟರಿಗೆ ಹಾಕು ಅಂತ ಅಣ್ಣನಿಗೆ ನಾನೂ ಹೇಳುತ್ತೇನೆ. ಮಿಸ್ತ್ರಿ ಕಂಪ್ರೆಸರ್ ಗಾಳಿ ಹಿಡಿದು ಕಾಗದಕ್ಕೆ ಜೋರಾಗಿ ಊದಿದ್ದು ಮಾತ್ರ ನೋಡಲಾಗಲಿಲ್ಲ. ಕಣ್ಣಿಗೆ ಕಾಣದ ತೂತು ಬೀಳುತ್ತವೆ. ಹೇಳಿದೆ. "ನಲವತ್ತ ವರ್ಷದಿಂದ ಊದಾಕತ್ತೀನ್ರಿ" ಅಂದರು.

ನಾನು ಅವರಿಗೆ ಬುದ್ಧಿ ಹೇಳುವಷ್ಟು ಜಾಣನೂ ಅಲ್ಲ. ಮೊದಲ ಸಲ ಸ್ವಂತ ಕೈಯಿಂದ ಆಯಿಲ್ ಬದಲಿಸಿದಾಗ ಹಳೇ ಗ್ಯಾಸ್ಕೆಟ್ ಇಂಜಿನ್ನಿಗೇ ಅಂಟಿಕೊಂಡಿದ್ದನ್ನು ನೋಡಲೇ ಇಲ್ಲ. ಅದರ ಮೇಲೇ ಹೊಸ ಫಿಲ್ಟರ್ ಬಿಗಿದೆ. ಸ್ಟಾರ್ಟ್ ಮಾಡಿದ ಅರ್ಧ ನಿಮಿಷಕ್ಕೆ ಡ್ರೈವ್‌ವೇ ತುಂಬ ಆಯಿಲ್. ಹೊಸ ಗ್ಯಾಸ್ಕೆಟ್ಟಿಗೆ ಒಂದು ಹನಿ ಆಯಿಲ್ ಸವರಿ, ಕೈಯಿಂದ ತಿರುಗಿಸಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು, ಪಾನಾ ಹಾಕಬಾರದು ಅನ್ನೋದನ್ನು ಆಮೇಲೆ ಕಲಿತೆ. ಡ್ರೈವ್‌ವೇ ಮೇಲಿನ ಕಲೆ ಇನ್ನೂ ಇದೆ. ಅಮೆರಿಕದಲ್ಲಿ ಇದನ್ನೆಲ್ಲ ನಾವೇ ಮಾಡುವುದು ದೊಡ್ಡಸ್ತಿಕೆಗಲ್ಲ. ಮೆಕ್ಯಾನಿಕ್ ಕೂಲಿ ಕೊಡಲು ಹೊಟ್ಟೆ ಉರಿಯುತ್ತದೆ, ಅದಕ್ಕೆ. ನಮ್ಮ ಕಡೆ ಮಿಸ್ತ್ರಿಯ ಕೂಲಿ ಕಡಿಮೆ. ಹಾಗಾಗಿ ಗಾಡಿ ಮಾಲಕ ಕೆಳಗೆ ಬಗ್ಗಿ ನೋಡುವುದಿಲ್ಲ, ಏನು ಹಾಕಿದರು ಅಂತ ಗೊತ್ತಾಗುವುದೂ ಇಲ್ಲ.

ಹಳೇ ಆಯಿಲ್ ವಿಷಯದಲ್ಲಿ ಮಾತ್ರ ನನಗೆ ಇಲ್ಲಿನ ರೀತಿಯೇ ಮೆಚ್ಚುಗೆ. ಬಿಡಿಭಾಗದ ಅಂಗಡಿಗಳು ದುಡ್ಡಿಲ್ಲದೆ ವಾಪಸ್ ತೆಗೆದುಕೊಳ್ಳುತ್ತವೆ. ಊರಲ್ಲಿ ಅದು ಸೆಂಟ್ರಿಂಗ್ ಹಲಗೆಗೆ, ಬಾಗಿಲ ಚೌಕಟ್ಟಿಗೆ ಗೆದ್ದಲು ಬಾರದಿರಲು ಅಂತ ಹೋಗುತ್ತದೆ. ಉಳಿದದ್ದು ಚರಂಡಿಗೆ. ಹಲಗೆಗೆ ಹೋಗುವಷ್ಟಕ್ಕೆ ನನ್ನದೇನೂ ತಕರಾರಿಲ್ಲ.

ವಾಪಸ್ ಬರುವ ಮೊದಲು ಅಣ್ಣನಿಗೆ ನನ್ನ ಒಂದು ಅಭ್ಯಾಸ ಕಲಿಸಿ ಬಂದೆ. ಫಿಲ್ಟರ್ ಹಾಕಿದ ದಿನ ಅದರ ತಳದ ಮೇಲೆ ಮಾರ್ಕರ್ ಪೆನ್ನಿನಿಂದ ಕಿಲೋಮೀಟರ್ ಬರೆಯೋದು. ಬದಲಿಸಿದ್ದಾರೋ ಇಲ್ಲವೋ ಅನ್ನೋ ಅನುಮಾನವೇ ಬೇಡ. ಮೊನ್ನೆ ಅವನು ಗಾಡಿ ಕೆಳಗೆ ಮೊಬೈಲ್ ಹಿಡಿದು ಫೋಟೊ ಕಳಿಸಿದ. ಮಿಸ್ತ್ರಿಯ ಅಕ್ಷರದಲ್ಲಿ ಕಿಲೋಮೀಟರ್ ದಪ್ಪಗೆ ಬರೆದಿತ್ತು. ಅದರ ಕೆಳಗೆ, ಅಷ್ಟೇ ದಪ್ಪಗೆ: ಬಾಕಿ 200.