1 ನಿಮಿಷ 17 ಸೆಕೆಂಡಿನ ಕುಣಿತ

ಬಾಹ್ಯಾಕಾಶಕ್ಕೆ ಹಾರಿದ ವಾಯೇಜರ್ ನೌಕೆಯಲ್ಲಿ ಭೂಮಿಯ ಮಾತು, ಸಂಗೀತ ತುಂಬಿದ ಒಂದು ಚಿನ್ನದ ತಟ್ಟೆ ಇದೆ. ಅದರಲ್ಲಿ ಕನ್ನಡದ ದನಿಯೂ ಇದೆ. ಕನ್ನಡಿಗರ ಪರವಾಗಿ ಶುಭಾಶಯ ಹೇಳುವ ಆ ಪುಟ್ಟ ಮಾತನ್ನು ಹುಡುಕಿಕೊಂಡು ಹೋದವನು, ಹಾಗೇ ಕೂತು ಅದರಲ್ಲಿರುವ ಸಂಗೀತವನ್ನೂ ಕೇಳಿದೆ. ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿಗೆ ಕಾಯುತ್ತಿದ್ದೆ. ಅದಕ್ಕೂ ಸ್ವಲ್ಪ ಮೊದಲು ಒಂದು ಇಂಗ್ಲಿಷ್ ತುಣುಕು ಬಂತು. ಬರೀ 1 ನಿಮಿಷ 17 ಸೆಕೆಂಡು. ಅಷ್ಟರಲ್ಲೇ ನನ್ನ ಕಾಲು ತಾಳ ಹಾಕತೊಡಗಿತ್ತು.

ಅದು ಇಂಗ್ಲೆಂಡಿನ ಸಂಗೀತಗಾರ ಆಂಥೊನಿ ಹೋಲ್ಬೋರ್ನ್ 1599ರಲ್ಲಿ ಅಚ್ಚು ಹಾಕಿಸಿದ ಸಂಗ್ರಹದ್ದು. ಹೆಸರು 'ಫೇರಿ ರೌಂಡ್'. ಗ್ಯಾಲಿಯರ್ಡ್ ಅನ್ನುವ, ಜಿಗಿದು ಜಿಗಿದು ಕುಣಿಯುವ ಜಾತಿ. ನುಡಿಸಿದ್ದು ಇಂಗ್ಲೆಂಡಿನ ಕೊಳಲುಗಾರ ಡೇವಿಡ್ ಮನ್ರೋ ಮತ್ತು ಅವರ ತಂಡ. ಹದಿನೆಂಟರ ವಯಸ್ಸಿಗೆ ಪೆರುವಿಗೆ ಪಾಠ ಹೇಳಲು ಹೋಗಿ, ಅಲ್ಲಿಯ ಕೊಳಲುಗಳನ್ನು ಮನೆಗೆ ಹೊತ್ತು ತಂದ ಹುಡುಗ ಆತ. ಆಮೇಲೆ ಬಿಬಿಸಿ ರೇಡಿಯೊದಲ್ಲಿ ಮಕ್ಕಳಿಗೆ ಸಂಗೀತದ ಕಥೆ ಹೇಳಿದರು. 1976ರಲ್ಲಿ, 33ರ ವಯಸ್ಸಿಗೆ ತೀರಿಹೋದರು. ವಾಯೇಜರ್ ಹಾರಿದ್ದು ಮರುವರ್ಷ. ತನ್ನ ಕೊಳಲಿನ ದನಿ ಸೌರಮಂಡಲವನ್ನೇ ದಾಟುತ್ತದೆ ಅಂತ ಆ ಮನುಷ್ಯನಿಗೆ ತಿಳಿಯಲೇ ಇಲ್ಲ. ಈಗಲೂ ಇದನ್ನು ನೆನೆದರೆ ಸಂಕಟವಾಗುತ್ತದೆ.

ಅಲ್ಲಿಂದ ಶುರುವಾಯಿತು ನೋಡಿ, ಯುರೋಪಿನ ಹಳೆಯ ಕುಣಿತದ ಸಂಗೀತದ ಹುಚ್ಚು. ಮನ್ರೋ ತಂಡದ 1971ರ ಒಂದು ಎಲ್‌ಪಿಯಲ್ಲಿ ಟೀಲ್ಮನ್ ಸುಸಾಟೊ ಪ್ರಕಟಿಸಿದ ಕುಣಿತಗಳಿವೆ. ಸುಸಾಟೊ ಈಗಿನ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಊರಿನ ವಾದ್ಯಗಾರ, ಮುದ್ರಕ. ಪುಸ್ತಕ ಬಂದದ್ದು 1551ರಲ್ಲಿ. ಅದರಲ್ಲಿ ನಾಲ್ಕು ದನಿಗಳ ಸ್ವರ ಇದೆ, ಆದರೆ ಯಾವ ದನಿಗೆ ಯಾವ ವಾದ್ಯ ಅಂತ ಇಲ್ಲ. ಎಲ್ಲ ಬಗೆಯ ವಾದ್ಯಕ್ಕೂ ಹೊಂದುತ್ತದೆ ಅಂತ ಮುಖಪುಟದಲ್ಲೇ ಹಾಕಿದ್ದಾನೆ. ಮನ್ರೋ ಆ ಮಾತನ್ನು ಪೂರ್ತಿ ನಂಬಿದರು. ನಮ್ಮ ಶಹನಾಯಿಯ ನೆಂಟ ಅನ್ನಬಹುದಾದ ಶಾಮ್, ತುದಿ ಬಾಗಿದ ಕ್ರಮ್‌ಹಾರ್ನ್, ಜೊತೆಗೆ ಡೋಲು. ಕ್ರಮ್‌ಹಾರ್ನ್ ದನಿ ದೊಡ್ಡ ದುಂಬಿ ಗುಂಯ್‌ಗುಟ್ಟಿದ ಹಾಗಿರುತ್ತದೆ. ಇಷ್ಟೊಂದು ಬಣ್ಣ ಬಳಿಯಬಾರದಿತ್ತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕುಣಿಯೋರ ನಡುವೆ ನುಡಿಸಿದ ಸಂಗೀತ ಇದು. ಕೂಗು, ನಗು, ಹೆಜ್ಜೆ ಸಪ್ಪಳ ಎಲ್ಲವನ್ನೂ ಮೀರಿ ಅದು ಕೇಳಬೇಕಿತ್ತು ಅಲ್ವಾ?

ಇಂಗ್ಲೆಂಡಿನ ಹಳ್ಳಿ ಕುಣಿತದ ವಿಷಯ ಬಂದರೆ ಲಂಡನ್ನಿನ ಪ್ರಕಾಶಕ ಜಾನ್ ಪ್ಲೇಫರ್ಡ್ ಪುಸ್ತಕವೇ ಆಧಾರ. ವರ್ಷ 1651. ರಾಜನ ತಲೆ ಕಡಿದು ಎರಡೇ ವರ್ಷವಾಗಿತ್ತು. ಕಟ್ಟುನಿಟ್ಟಿನ ಕ್ರೈಸ್ತ ಪಂಥದ ಪ್ಯೂರಿಟನ್ನರು ಎಲ್ಲ ಖುಷಿಯನ್ನೂ ಮುಚ್ಚಿಸಿದ ಕಾಲ ಅಂತ ನಾವು ಓದಿದ್ದೇವೆ. ಆದರೆ ಈ ಪುಸ್ತಕ ಮರುವರ್ಷವೇ ಮತ್ತೆ ಅಚ್ಚಾಯಿತು. ಮುಂದೆ 1728ರ ಹೊತ್ತಿಗೆ ಹದಿನೆಂಟು ಸಲ! ಹೆಸರಿಗೆ ಹಳ್ಳಿಯ ಕುಣಿತ, ಮಾರಿದ ಅಂಗಡಿ ಲಂಡನ್ನಿನ ವಕೀಲರ ಕೇರಿಯಲ್ಲಿ. ಮೊದಲ ಸಲ 105 ಕುಣಿತ. ಮೇಲೆ ಒಂದೇ ಒಂದು ಸಾಲಿನ ರಾಗ, ಕೆಳಗೆ ಹೆಜ್ಜೆಗಳ ವಿವರ, ಅಷ್ಟೇ. ಶ್ರುತಿ ಇಲ್ಲ, ತಾಳವಾದ್ಯ ಇಲ್ಲ, ಎಷ್ಟು ಬೇಗ ನುಡಿಸಬೇಕು ಅಂತಲೂ ಇಲ್ಲ.

ಈ ವೇಗದ ಬಗ್ಗೆಯೇ ನನಗೆ ಜಾಸ್ತಿ ಹೇಳಬೇಕಿರುವುದು. ಈಗಿನ ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಬೆರಳಿನ ಚುರುಕು ತೋರಿಸುವ ಆತುರ ಕಾಣುತ್ತದೆ. ಪುಸ್ತಕದಲ್ಲಿ ಬರೆದಿಲ್ಲ ನಿಜ. ಆದರೆ ಜಿಗಿದ ಮನುಷ್ಯ ನೆಲಕ್ಕೆ ಬರಲು ಇಷ್ಟು ಹೊತ್ತು ಬೇಕೇ ಬೇಕು. ನಾನೂರು ವರ್ಷದಲ್ಲಿ ಕಾಲು ಬದಲಾಗಿಲ್ಲ. ಜೆರೆಮಿ ಬಾರ್ಲೋ ಅವರ ಬ್ರಾಡ್‌ಸೈಡ್ ಬ್ಯಾಂಡ್ ನುಡಿಸುವ ಪ್ಲೇಫರ್ಡ್ ನನಗೆ ಇಷ್ಟವಾಗುವುದು ಇದಕ್ಕೇ. ಬಾರ್ಲೋ ಈ ರಾಗಗಳನ್ನೆಲ್ಲ ಒಟ್ಟುಮಾಡಿ 1985ರಲ್ಲಿ ಪುಸ್ತಕವಾಗಿ ತಂದವರು. ಅವರ ನುಡಿಸಾಣಿಕೆಯಲ್ಲಿ ಹೆಜ್ಜೆ ಊರಲು ಜಾಗ ಇದೆ. ಫ್ರಾನ್ಸಿನ ಲೆ ವಿಚಸ್ ತಂಡದ್ದು ಬೇರೆ ದಾರಿ. ಪಿಟೀಲು, ಕೊಳಲು, ಲ್ಯೂಟ್ ಅನ್ನುವ ತಂತಿವಾದ್ಯ ಇಟ್ಟುಕೊಂಡು ನಾಲ್ಕು ಜನ ಗೆಳೆಯರು ಸಣ್ಣ ಕೋಣೆಯಲ್ಲಿ ಕೂತು ನುಡಿಸಿದ ಹಾಗೆ. ರಾತ್ರಿ ಕೇಳಲು ಚೆನ್ನ.

ಹೆಜ್ಜೆಗೂ ಸ್ವರಕ್ಕೂ ಇರುವ ನಂಟನ್ನು ಚೆನ್ನಾಗಿ ಬರೆದಿಟ್ಟವನು ಫ್ರಾನ್ಸಿನ ಲಾಂಗ್ರ್ ಊರಿನ ಒಬ್ಬ ಪಾದ್ರಿ. ತ್ವಾನೊ ಆರ್ಬೊ ಅನ್ನುವ ಹೆಸರಿನಲ್ಲಿ ಬರೆದ. ಅವನ ಅಸಲಿ ಹೆಸರಿನ ಅಕ್ಷರಗಳನ್ನೇ ಹಿಂದೆಮುಂದೆ ಮಾಡಿದರೆ ಈ ಹೆಸರು ಬರುತ್ತದೆ. 1589ರ ಆ ಪುಸ್ತಕದಲ್ಲಿ ಮುದುಕ ಗುರು, ವಕೀಲ ಶಿಷ್ಯ ಕೂತು ಮಾತಾಡುತ್ತಾರೆ. ಒಂದೊಂದು ಸ್ವರದ ಪಕ್ಕದಲ್ಲೂ ಆಗ ಇಡಬೇಕಾದ ಹೆಜ್ಜೆ! ಅದರಲ್ಲಿ ಅಗಸಗಿತ್ತಿಯರ ಕುಣಿತ ಅಂತ ಒಂದಿದೆ. ಪ್ಯಾರಿಸ್ಸಿನಲ್ಲಿ ಸೇನ್ ನದಿಯ ದಡದಲ್ಲಿ ಹೆಂಗಸರು ಬಟ್ಟೆ ಬಡಿಯುವ ಸದ್ದಿನ ಹಾಗೆ ಕುಣಿಯೋರು ಚಪ್ಪಾಳೆ ತಟ್ಟಬೇಕು. ಕುದುರೆ ಕುಣಿತದಲ್ಲಿ ನೆಲ ಒದೆಯಬೇಕು. ಈ ಚಪ್ಪಾಳೆಯನ್ನೇ ಬಿಟ್ಟು ನುಡಿಸಿದ ರೆಕಾರ್ಡಿಂಗ್ ಸಿಕ್ಕರೆ ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ.

ಇನ್ನೊಂದು ಬೇಸರ. ಹಾಡು ಕೇಳುವ ಆ್ಯಪ್‌ಗಳಲ್ಲಿ ಇವೆಲ್ಲ ಮಧ್ಯಯುಗದ ಹೆಂಡದಂಗಡಿ ಸಂಗೀತ ಅನ್ನುವ ಒಂದೇ ಚೀಲಕ್ಕೆ ಬೀಳುತ್ತವೆ. ನುಡಿಸಿದವರ ಹೆಸರಿಲ್ಲ, ಪುಸ್ತಕದ ಹೆಸರಿಲ್ಲ. ಆಂಟ್‌ವರ್ಪಿನ 1551ಕ್ಕೂ ಲಂಡನ್ನಿನ 1651ಕ್ಕೂ ನೂರು ವರ್ಷ, ಒಂದು ಸಮುದ್ರ ಅಡ್ಡ ಇದೆ. ದಯವಿಟ್ಟು ಹೆಸರು ಹಿಡಿದು ಹುಡುಕಿ ಕೇಳಿ.

ಮೊನ್ನೆ ತಂಗಿಯ ಮಗಳಿಗೆ ಅಗಸಗಿತ್ತಿಯರ ಕುಣಿತ ಹಾಕಿದೆ. ಅವಳಿಗೆ ಎಂಟು ವರ್ಷ. ನಾನು ಏನೂ ಹೇಳಿರಲಿಲ್ಲ. ಮೊದಲ ಸಲ ಚಪ್ಪಾಳೆ ಬಂದಾಗ ತಲೆ ಎತ್ತಿ ನೋಡಿದಳು. ಎರಡನೆಯ ಸಲ ಸರಿಯಾದ ಜಾಗಕ್ಕೆ ತಾನೂ ತಟ್ಟಿದಳು. ಮುಗಿದ ಮೇಲೆ, "ಮಾವ, ಇನ್ನೊಂದ್ಸಲ" ಅಂದಳು.