ಹೆಬ್ಬೆಟ್ಟಿಗೊಂದು ಬೀಗ

‘ಒಟಿಪಿ ಯಾರಿಗೂ ಹೇಳಬೇಡಿ.’ ಬ್ಯಾಂಕು ಈ ಮಂತ್ರವನ್ನು ಎಸ್‌ಎಂಎಸ್‌ನಲ್ಲಿ ಜಪಿಸುತ್ತದೆ, ಶಾಖೆಯ ಗೋಡೆಗೂ ಅಂಟಿಸುತ್ತದೆ. ಸರಿ, ಹೇಳುವುದಿಲ್ಲ. ಆದರೆ ಆಧಾರ್ ಮೂಲಕ ದುಡ್ಡು ತೆಗೆಯುವ ಎಇಪಿಎಸ್ ಯಂತ್ರ ಒಟಿಪಿ ಕೇಳುವುದೇ ಇಲ್ಲವಲ್ಲ! ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು, ಇಷ್ಟಿದ್ದರಾಯಿತು.

ಈ ಮೂರನ್ನೂ ಒಂದೇ ಕಡೆ ಹೊಲಿದಿಟ್ಟ ಪುಣ್ಯಕಾರ್ಯ ಸಬ್ ರಿಜಿಸ್ಟ್ರಾರ್ ಕಚೇರಿಯದು. ಹಳೆಯ ಕ್ರಯಪತ್ರವೊಂದನ್ನು ಬಿಚ್ಚಿ ನೋಡಿ: ಫೋಟೊ ಪಕ್ಕ ಹೆಬ್ಬೆಟ್ಟು, ಗುರುತಿಗೆ ಆಧಾರ್, ಹಣ ಸಂದಾಯದ ಸಾಲಿನಲ್ಲಿ ಚೆಕ್ಕು ಯಾವ ಬ್ಯಾಂಕಿನದೆಂಬ ವಿವರ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳು ಕರಗತೊಡಗಿದಾಗ ಜಾಡು ಹೋಗಿ ನಿಂತದ್ದು ಇಂಥ ಪತ್ರಗಳ ಪ್ರತಿಗಳ ಮುಂದೆ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹೆಬ್ಬೆಟ್ಟು ಬದಲಿಸುವ ಅರ್ಜಿ ಯಾವ ಕೌಂಟರಿನಲ್ಲಿ ಸಿಗುತ್ತದೋ!

ಉಪಾಯ ಇಲ್ಲದಿಲ್ಲ. ಆಧಾರಿಗೆ ಮೊಬೈಲ್ ನಂಬರ್ ಜೋಡಣೆಯಾಗಿದ್ದರೆ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್, ಅಂದರೆ ಬೆರಳಚ್ಚಿಗೆ ಬೀಗ, ಹಾಕಿ. ಪತ್ರದ ಹೆಬ್ಬೆಟ್ಟಿನಿಂದ ಕಳ್ಳ ಅಚ್ಚು ತೆಗೆದ ಸಿಲಿಕೋನ್ ಬೆರಳು ಅಲ್ಲಿಗೆ ನಿಷ್ಪ್ರಯೋಜಕ. ನ್ಯಾಯಬೆಲೆ ಅಂಗಡಿಯಲ್ಲಿ ನಿಮ್ಮ ಅಸಲಿ ಬೆರಳೂ ಅಷ್ಟೇ ನಿಷ್ಪ್ರಯೋಜಕ. ಅಕ್ಕಿಯ ಸರದಿ ಬಂದಾಗ ಬೀಗ ತೆಗೆಯಿರಿ, ಚೀಲ ಹೊತ್ತು ಹೊರಟಾಗ ಮತ್ತೆ ಹಾಕಿ. ಗಾರೆ ಕೆಲಸದಲ್ಲಿ ಗೆರೆ ಸವೆದ ಅಜ್ಜನಿಗೆ ಈ ತಾಪತ್ರಯವೂ ಇಲ್ಲ. ಅವರ ಬೆರಳನ್ನು ಯಂತ್ರ ಮೊದಲೂ ಒಪ್ಪುತ್ತಿರಲಿಲ್ಲ. ‘ಒರೆಸ್ಕೊಂಡು ಇನ್ನೊಂದ್ಸಲ ಒತ್ತಿ ತಾತ’ ಎಂದು ನಾಲ್ಕು ಸಲ ಒತ್ತಿಸಿ, ‘ನಾಳೆ ಬನ್ನಿ’ ಎನ್ನುತ್ತಾರೆ. ಅಚ್ಚಿನಿಂದ ಎತ್ತಿದ ನಕಲಿ ಬೆರಳಿಗೋ, ಒಂದೇ ಒತ್ತಿಗೆ ‘ಯಶಸ್ವಿ’.

ಹೋದ ದುಡ್ಡಿಗೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಹಿಂದೆಯೇ ಬ್ಯಾಂಕಿಗೆ ದೂರು. ದೂರಿನ ಸಂಖ್ಯೆ ಬರೆದುಕೊಳ್ಳದೆ ಫೋನ್ ಇಡಬೇಡಿ. ರಿಸರ್ವ್ ಬ್ಯಾಂಕು 2017ರ ಜುಲೈ ಸುತ್ತೋಲೆಯಲ್ಲಿ ತಂದ ನಿಯಮದಂತೆ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, ವಹಿವಾಟಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಸೊನ್ನೆ. ನಾಲ್ಕರಿಂದ ಏಳನೆಯ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ತಲೆಗೆ ಪ್ರತಿ ವಹಿವಾಟಿಗೆ 10,000 ರೂಪಾಯಿವರೆಗೆ ಬರಬಹುದು. ತಿಳಿಸಿದ 10 ಕೆಲಸದ ದಿನಗಳೊಳಗೆ ಹೋದ ಮೊತ್ತವನ್ನು ಬ್ಯಾಂಕು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ತಪ್ಪು ಗ್ರಾಹಕರದೇ ಎಂದು ಸಾಬೀತುಪಡಿಸುವ ಹೊಣೆಯೂ ಬ್ಯಾಂಕಿನದೇ.

ಈ ನಿಯಮದ ಪ್ರಿಂಟ್ ಹಿಡಿದು, ಎಇಪಿಎಸ್ ಎಂದು ಮುದ್ರೆಯಾದ ಪಾಸ್‌ಬುಕ್ ಸಾಲಿಗೆ ಕೆಂಪು ಗೆರೆ ಎಳೆದು ಶಾಖೆಗೆ ಹೋಗಿ. ಕೌಂಟರಿನವರು ಕನ್ನಡಕ ಮೇಲೇರಿಸಿ, ಸಾಲನ್ನೊಮ್ಮೆ, ನಿಮ್ಮನ್ನೊಮ್ಮೆ ನೋಡಿ ಕೇಳುತ್ತಾರೆ:

‘ಒಟಿಪಿ ಯಾರಿಗ್ರೀ ಹೇಳಿದ್ರಿ?’